ಗಿರಾಕಿ ಮಾಡುತ್ತಿದ್ದ ಕೆಲಸ ಈಗ ಯಾರ ತಲೆ ಮೇಲೆ?

ಇ-ಕಾಮರ್ಸ್ ಅಂದ ತಕ್ಷಣ ಎಲ್ಲರೂ ಆ್ಯಪ್‌ನಿಂದ ಮಾತು ಶುರು ಮಾಡುತ್ತಾರೆ. ನಾನು ಅಂಗಡಿಯಿಂದ ಶುರು ಮಾಡುತ್ತೇನೆ. ಅಂಗಡಿಗೆ ಹೋಗಿ ಒಂದು ಶರ್ಟು ಕೊಳ್ಳುವಾಗ ನೀವು ಎಷ್ಟು ಕೆಲಸ ಮಾಡುತ್ತೀರಿ ಅಂತ ಲೆಕ್ಕ ಹಾಕಿದ್ದೀರಾ? ಅಲ್ಲಿ ತನಕ ನೀವೇ ಹೋಗುತ್ತೀರಿ. ಸಾವಿರ ಶರ್ಟಿನಲ್ಲಿ ಒಂದನ್ನು ಹುಡುಕಿ ತೆಗೆಯುತ್ತೀರಿ. ಹಾಕಿ ನೋಡುತ್ತೀರಿ. ಬೇಡ ಅನಿಸಿದ್ದನ್ನು ಅಲ್ಲೇ ಬಿಡುತ್ತೀರಿ, ಬೇಕಾದ್ದನ್ನು ಮನೆಗೆ ಹೊತ್ತು ತರುತ್ತೀರಿ. ಇದಕ್ಕೆಲ್ಲ ನಿಮಗೆ ಯಾರೂ ಕೂಲಿ ಕೊಡುವುದಿಲ್ಲ. ಅಂದರೆ ಹಳೆಯ ಸರಬರಾಜು ಸರಪಳಿಯಲ್ಲಿ ಕಡೇ ಕೆಲಸಗಾರ ಗಿರಾಕಿಯೇ, ಅದೂ ಬಿಟ್ಟಿ ಕೆಲಸಗಾರ.

ಇ-ಕಾಮರ್ಸ್ ಮಾಡಿದ್ದು ಇಷ್ಟೇ. ಆ ಬಿಟ್ಟಿ ಕೆಲಸವನ್ನೆಲ್ಲ ನಿಮ್ಮ ಕೈಯಿಂದ ಕಿತ್ತುಕೊಂಡು ಸರಪಳಿಯ ಒಳಗೆ ತಂದಿತು. ಕೆಲಸ ಮಾಯವಾಗಲಿಲ್ಲ. ಹುಡುಕಿ ತೆಗೆಯುವುದು ಗೋದಾಮಿಗೆ ಬಂತು, ಹೊತ್ತು ತರುವುದು ಡೆಲಿವರಿಯವರಿಗೆ ಬಂತು, ಹಾಕಿ ನೋಡಿ ಬಿಡುವುದು ರಿಟರ್ನ್ ಆಯಿತು. ಇವತ್ತು ನಾನು ಹೇಳುವುದೆಲ್ಲ ಈ ಒಂದು ಬದಲಾವಣೆಯ ಬಾಲ ಹಿಡಿದುಕೊಂಡೇ ಹೋಗುತ್ತದೆ.

ಮೊದಲು ಹುಡುಕಿ ತೆಗೆಯುವುದನ್ನು ನೋಡೋಣ. ಹಳೆಯ ಗೋದಾಮುಗಳು ದೊಡ್ಡ ಲೆಕ್ಕದವು. ಲಾರಿಯಲ್ಲಿ ಪ್ಯಾಲೆಟ್, ಅಂದರೆ ಹಲಗೆಯ ಮೇಲೆ ಪೇರಿಸಿದ ಪೆಟ್ಟಿಗೆಗಳ ಗಂಟು, ಬರುತ್ತಿತ್ತು, ಪ್ಯಾಲೆಟ್ಟೋ ಪೆಟ್ಟಿಗೆಯೋ ಅಂಗಡಿಗಳಿಗೆ ಹೋಗುತ್ತಿತ್ತು. ಒಂದು ಅಂಗಡಿಗೆ ವಾರಕ್ಕೆ ಒಂದೆರಡು ಲಾರಿ, ಅದರಲ್ಲಿ ನೂರಾರು ಪೆಟ್ಟಿಗೆ. ಪೂರ್ತಿ ಸಾಗಣೆ ವ್ಯವಸ್ಥೆಯೇ ಹೀಗೆ, ದೊಡ್ಡದಾದಷ್ಟೂ ಅಗ್ಗ ಅನ್ನುವ ನಂಬಿಕೆಯ ಮೇಲೆ ಕಟ್ಟಿದ್ದು. 1956ರಲ್ಲಿ ಐಡಿಯಲ್-ಎಕ್ಸ್ ಅನ್ನುವ ಹಡಗು 58 ಕಂಟೇನರ್ ಹೊತ್ತು ಅಮೆರಿಕದ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೋಯಿತಲ್ಲ, ಕಂಟೇನರ್ ಯುಗ ಶುರುವಾಯಿತು ಅಂತ ಎಲ್ಲರೂ ಹೇಳುವುದು ಅಲ್ಲಿಂದಲೇ, ಅವತ್ತಿನಿಂದ ಹಡಗು, ಬಂದರು, ರೈಲು, ಗೋದಾಮು ಎಲ್ಲವೂ ದೊಡ್ಡ ಗಂಟಿನ ಲೆಕ್ಕದಲ್ಲೇ ಬೆಳೆದವು. ಈಗ ಒಬ್ಬ ಗಿರಾಕಿ ರಾತ್ರಿ ಹತ್ತೂವರೆಗೆ ಒಂದು ಫೋನ್ ಕವರ್ ಆರ್ಡರ್ ಮಾಡುತ್ತಾನೆ. ಒಂದೇ ಒಂದು. ಅದಕ್ಕಾಗಿ ಪೆಟ್ಟಿಗೆ ಒಡೆಯಬೇಕು, ಒಂದು ಪೀಸ್ ತೆಗೆಯಬೇಕು, ವಿಳಾಸ ಅಂಟಿಸಬೇಕು.

ಇದು ಎಷ್ಟು ಬೇರೆ ಕೆಲಸ ಅನ್ನುವುದು ಆಗಿನ ದೊಡ್ಡ ಕಂಪನಿಗಳಿಗೆ ಗೊತ್ತಾಗಿದ್ದು 1999ರ ಕ್ರಿಸ್‌ಮಸ್‌ನಲ್ಲಿ. ಅಮೆರಿಕದ ಟಾಯ್ಸ್ ಆರ್ ಅಸ್ ಆಟಿಕೆ ವ್ಯಾಪಾರದಲ್ಲಿ ದೈತ್ಯ. ಮಾಲಿತ್ತು, ಗೋದಾಮಿತ್ತು, ಲಾರಿಗಳಿದ್ದವು. ಆದರೆ ಅವೆಲ್ಲ ಅಂಗಡಿಗೆ ಪೆಟ್ಟಿಗೆ ಕಳಿಸಲು ಇದ್ದದ್ದು. ವೆಬ್‌ಸೈಟಿನಲ್ಲಿ ಹಬ್ಬದೊಳಗೆ ತಲುಪಿಸುತ್ತೇವೆ ಅಂತ ಮಾತು ಕೊಟ್ಟರು, ಆರ್ಡರ್ ಸುರಿಯಿತು, ಒಂದೊಂದೇ ಆಟಿಕೆ ತೆಗೆದು ಕಟ್ಟಿ ಕಳಿಸುವುದು ಅವರ ಕೈಯಲ್ಲಿ ಆಗಲಿಲ್ಲ. ಎಷ್ಟೋ ಮಕ್ಕಳಿಗೆ ಹಬ್ಬದ ದಿನ ಆಟಿಕೆ ಬರಲಿಲ್ಲ. ಮರುವರ್ಷ ಅಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, ಇವರೂ ಸೇರಿ ಏಳು ಆನ್‌ಲೈನ್ ವ್ಯಾಪಾರಿಗಳಿಂದ ಒಟ್ಟು 15 ಲಕ್ಷ ಡಾಲರ್ ದಂಡ ಕಟ್ಟಿಸಿಕೊಂಡಿತು. ಅದೇ 2000ದ ಆಗಸ್ಟ್‌ನಲ್ಲಿ ಟಾಯ್ಸ್ ಆರ್ ಅಸ್ ತನ್ನ ಆನ್‌ಲೈನ್ ಆರ್ಡರ್‌ಗಳನ್ನು ಕಟ್ಟಿ ಕಳಿಸುವ ಕೆಲಸವನ್ನು ಅಮೆಜಾನ್‌ಗೆ ಒಪ್ಪಿಸಿತು.

ಅಮೆಜಾನ್ ಆಗ ಪರಿಣತನಾಗಿತ್ತಾ? ಪೂರ್ತಿ ಅಲ್ಲ, ಕಲಿಯುತ್ತಿತ್ತು. 1995ರಲ್ಲಿ ಪುಸ್ತಕ ಮಾರಲು ಶುರು ಮಾಡಿದಾಗ ಅದರ ಹತ್ತಿರ ದಾಸ್ತಾನು ಅನ್ನುವುದೇ ಇರಲಿಲ್ಲ ಅಂದರೂ ನಡೆಯುತ್ತದೆ. ಆರ್ಡರ್ ಬಂದ ಮೇಲೆ ಪುಸ್ತಕದ ಸಗಟು ವ್ಯಾಪಾರಿಗಳಿಂದ ತರಿಸಿ ಕಳಿಸುವುದು. ಆಗಿನ ಕಾಲದ ದೊಡ್ಡ ಕನಸೇ ಅದು, ಇಂಟರ್ನೆಟ್ ಬಂದರೆ ಮಧ್ಯವರ್ತಿ ಬೇಡ, ಗೋದಾಮೂ ಬೇಡ ಅಂತ. ಎರಡೇ ವರ್ಷದಲ್ಲಿ, 1997ಕ್ಕೇ, ಅವರು ಡೆಲವೇರ್‌ನಲ್ಲಿ ದೊಡ್ಡ ಗೋದಾಮು ತೆರೆದರು. ಗೋದಾಮು ಬೇಡ ಅಂತ ಹೊರಟವರೇ ಜಗತ್ತಿನ ಅತಿ ದೊಡ್ಡ ಗೋದಾಮುಗಳ ಒಡೆಯರಾದರು. ನನಗೆ ಇದು ಈ ಇಡೀ ಕತೆಯಲ್ಲಿ ಬಹಳ ಇಷ್ಟವಾದ ತಿರುವು.

ಆ ಗೋದಾಮಿನ ಒಳಗೆ ಹೋಗಿ ನೋಡಿದರೆ ಮೊದಲು ಅನಿಸುವುದು, ಇದೇನು ಇಷ್ಟು ಗಜಿಬಿಜಿ ಅಂತ. ಒಂದೇ ಗೂಡಿನಲ್ಲಿ ಚಾರ್ಜರ್, ಅದರ ಪಕ್ಕ ಗೊಂಬೆ, ಅದರ ಮೇಲೆ ಡಿಕ್ಷನರಿ. ಅದೇ ಚಾರ್ಜರ್ ಇನ್ನೂ ಹತ್ತು ಕಡೆ ಇರುತ್ತದೆ. ಇದು ಬೇಕಂತಲೇ ಮಾಡಿದ್ದು. ಬಂದ ಮಾಲನ್ನು ಎಲ್ಲಿ ಖಾಲಿ ಜಾಗ ಇದೆಯೋ ಅಲ್ಲಿ ಇಡುವುದು, ಇಟ್ಟ ಗೂಡಿನ ಬಾರ್‌ಕೋಡ್, ವಸ್ತುವಿನ ಬಾರ್‌ಕೋಡ್ ಎರಡನ್ನೂ ಸ್ಕ್ಯಾನ್ ಮಾಡುವುದು. ನೆನಪಿಟ್ಟುಕೊಳ್ಳುವುದು ಕಂಪ್ಯೂಟರಿನ ಕೆಲಸ. ಲಾಭ ಎರಡು. ಒಂದು, ಜಾಗ ಖಾಲಿ ಬೀಳುವುದಿಲ್ಲ. ಇನ್ನೊಂದು ಜಾಸ್ತಿ ಮುಖ್ಯ: ಒಂದೇ ವಸ್ತು ಹತ್ತು ಕಡೆ ಇದ್ದರೆ, ತೆಗೆಯುವವರು ಎಲ್ಲೇ ನಿಂತಿರಲಿ, ಹತ್ತಿರದ ಒಂದು ಗೂಡು ಸಿಗುತ್ತದೆ. ಜೊತೆಗೆ, ಒಂದೇ ತರಹದ ಮೂರು ಬಣ್ಣದ ಡಬ್ಬಿ ಅಕ್ಕಪಕ್ಕ ಇಟ್ಟರೆ ತಪ್ಪು ಡಬ್ಬಿ ತೆಗೆಯುವ ಸಂಭವ ಹೆಚ್ಚು. ಗೊಂಬೆಯ ಪಕ್ಕ ಡಿಕ್ಷನರಿ ಇದ್ದರೆ ಯಾರೂ ತಪ್ಪು ಮಾಡುವುದಿಲ್ಲ ಅಲ್ವಾ?

ಹೀಗಿದ್ದರೂ ನಡೆಯಬೇಕು. ಮಾಮೂಲಿ ಗೋದಾಮಿನ ಖರ್ಚಿನಲ್ಲಿ ಹತ್ತಿರ ಹತ್ತಿರ ಅರ್ಧ ಹೋಗುವುದು ಈ ಹುಡುಕಿ ತೆಗೆಯುವ ಕೆಲಸಕ್ಕೆ, ಅದರಲ್ಲಿ ಮತ್ತೆ ಅರ್ಧದಷ್ಟು ಸಮಯ ಬರೀ ನಡಿಗೆಗೆ. ಇಲ್ಲಿ ಒಂದು ಚಿಕ್ಕ ಕತೆ ಹೇಳಿ ಮುಂದೆ ಹೋಗುತ್ತೇನೆ. ವೆಬ್‌ವ್ಯಾನ್ ಅಂತ ಒಂದು ಕಂಪನಿ ಇತ್ತು. ಮನೆಗೆ ದಿನಸಿ ತಲುಪಿಸುವುದು, ಅದೂ ಗಿರಾಕಿ ಆರಿಸಿದ ಅರ್ಧ ಗಂಟೆಯ ಅವಧಿಯೊಳಗೆ. 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಶುರು ಮಾಡಿದರು. ಒಂದು ಊರಿನಲ್ಲೂ ಸರಿಯಾಗಿ ಕಾಲೂರುವ ಮುಂಚೆಯೇ ಬೆಕ್ಟೆಲ್ ಕಂಪನಿಗೆ 100 ಕೋಟಿ ಡಾಲರಿನ ಗುತ್ತಿಗೆ ಕೊಟ್ಟರು, ದೇಶದ ತುಂಬ ಯಂತ್ರಗಳ ಗೋದಾಮು ಕಟ್ಟಿ ಅಂತ. 2001ರ ಜುಲೈನಲ್ಲಿ ದಿವಾಳಿ. ಅಲ್ಲಿ ಕೆಲಸ ಮಾಡಿದ್ದ ಮಿಕ್ ಮೌಂಟ್ಜ್ ಅನ್ನುವವರು ಇದನ್ನೆಲ್ಲ ನೋಡಿ ಪ್ರಶ್ನೆಯನ್ನೇ ತಿರುಗಿಸಿದರು. ಮನುಷ್ಯ ಯಾಕೆ ಕಪಾಟಿನ ಹತ್ತಿರ ಹೋಗಬೇಕು, ಕಪಾಟೇ ಮನುಷ್ಯನ ಹತ್ತಿರ ಬರಲಿ. 2003ರಲ್ಲಿ ಕಿವಾ ಸಿಸ್ಟಮ್ಸ್ ಶುರು ಮಾಡಿದರು. ನೆಲಕ್ಕೆ ಅಂಟಿಕೊಂಡಂತೆ ಓಡುವ ಚಿಕ್ಕ ರೋಬೋಗಳು ಕಪಾಟಿನ ಕೆಳಗೆ ನುಗ್ಗಿ, ಎತ್ತಿಕೊಂಡು, ಕೆಲಸದವರ ಮುಂದೆ ತಂದು ನಿಲ್ಲಿಸುತ್ತವೆ. 2012ರಲ್ಲಿ ಅಮೆಜಾನ್ 77.5 ಕೋಟಿ ಡಾಲರ್ ಕೊಟ್ಟು ಇಡೀ ಕಂಪನಿಯನ್ನೇ ಕೊಂಡಿತು. 2025ರಲ್ಲಿ ತಮ್ಮ ಗೋದಾಮುಗಳಲ್ಲಿ ಹತ್ತು ಲಕ್ಷನೇ ರೋಬೋ ಕೆಲಸಕ್ಕಿಳಿಯಿತು ಅಂತ ಹೇಳಿಕೊಂಡರು. ಕೊಂಡ ಮೇಲೆ ಕಿವಾ ರೋಬೋಗಳನ್ನು ಹೊರಗಿನವರಿಗೆ ಮಾರುವುದನ್ನು ನಿಲ್ಲಿಸಿದ್ದರಿಂದ, ಅದೇ ಕೆಲಸ ಮಾಡುವ ರೋಬೋ ಕಂಪನಿಗಳು ಬೇರೆ ಕಡೆ ಹುಟ್ಟಿಕೊಂಡವು. ನಡಿಗೆ ತಪ್ಪಿತು, ನಿಜ. ಆದರೆ ಒಂದೇ ಕಡೆ ನಿಂತು ಗಂಟೆಗೆ ನೂರಾರು ಸಲ ಬಗ್ಗಿ ಎದ್ದು ತೆಗೆಯುವ ಕೆಲಸ ಹಗುರ ಅಂತ ಯಾರೂ ನನಗೆ ಹೇಳಬೇಡಿ. ಯಂತ್ರದ ವೇಗಕ್ಕೆ ಮನುಷ್ಯನ ಮೈ ಹೊಂದಿಕೊಳ್ಳಬೇಕಾಗಿ ಬಂದಿದೆ.

ಈಗ ದಾಸ್ತಾನಿನ ವಿಷಯ. ಇದರಲ್ಲಿ ಸ್ವಲ್ಪ ಲೆಕ್ಕ ಇದೆ, ಹೆದರಬೇಡಿ. ನೂರು ಊರಿನಲ್ಲಿ ನೂರು ಅಂಗಡಿ ಇದ್ದರೆ, ಪ್ರತಿಯೊಂದರಲ್ಲೂ ಸ್ವಲ್ಪ ಹೆಚ್ಚುವರಿ ಮಾಲು ಇಟ್ಟುಕೊಳ್ಳಬೇಕು, ಇದ್ದಕ್ಕಿದ್ದಂತೆ ಬೇಡಿಕೆ ಬಂದರೆ ಇರಲಿ ಅಂತ. ಅದೇ ನೂರು ಊರಿಗೆ ಒಂದೇ ಗೋದಾಮಿನಿಂದ ಕಳಿಸಿದರೆ, ಒಂದು ಊರಿನಲ್ಲಿ ಬೇಡಿಕೆ ಏರಿದಾಗ ಇನ್ನೊಂದರಲ್ಲಿ ಇಳಿದಿರುತ್ತದೆ, ಏರಿಳಿತ ಒಂದನ್ನೊಂದು ತಿಂದುಕೊಳ್ಳುತ್ತವೆ. ಊರುಗಳ ಬೇಡಿಕೆ ಒಂದಕ್ಕೊಂದು ಸಂಬಂಧ ಇಲ್ಲದಂತೆ ಇದ್ದರೆ, ಆ ಹೆಚ್ಚುವರಿ ಮಾಲು ನೂರರ ವರ್ಗಮೂಲದಷ್ಟು, ಹತ್ತು ಪಟ್ಟು, ಇಳಿಯುತ್ತದೆ. ಅಂದರೆ ಹತ್ತನೇ ಒಂದು ಭಾಗ ಸಾಕು. ಇದೇ ಇ-ಕಾಮರ್ಸ್‌ನ ನಿಜವಾದ ಬಲ. ವರ್ಷಕ್ಕೆ ಐದು ಮಾರಾಟವಾಗುವ ಯಾವುದೋ ಹಳೆಯ ಯಂತ್ರದ ಬಿಡಿಭಾಗವನ್ನು ಯಾವ ಅಂಗಡಿಯವನು ಇಟ್ಟುಕೊಳ್ಳುತ್ತಾನೆ? ಇಡೀ ದೇಶಕ್ಕೆ ಒಂದೇ ಕಡೆ ಇಟ್ಟರೆ ಮಾತ್ರ ಅದು ನಡೆಯುತ್ತದೆ.

ಆದರೆ ಅವಸರ ಬಂತು ನೋಡಿ. 2005ರಲ್ಲಿ ಅಮೆಜಾನ್ ಪ್ರೈಮ್ ಅಂತ ಶುರು ಮಾಡಿ ಎರಡು ದಿನದಲ್ಲಿ ತಲುಪಿಸುತ್ತೇವೆ ಅಂದರು. 2019ರಲ್ಲಿ ಒಂದು ದಿನ ಅಂದರು. ಈಗ ಎಷ್ಟೋ ನಗರಗಳಲ್ಲಿ ಕೆಲವೇ ನಿಮಿಷದ ಮಾತು ನಡೆಯುತ್ತಿದೆ. ನಿಮಿಷದ ಲೆಕ್ಕದಲ್ಲಿ ತಲುಪಿಸಬೇಕಾದರೆ ಮಾಲು ಗಿರಾಕಿಯ ಬೀದಿಯಲ್ಲೇ ಇರಬೇಕು. ಅಲ್ಲಿಗೆ ಒಟ್ಟುಗೂಡಿಸಿದ ಲಾಭವೆಲ್ಲ ಕರಗಿತು, ಮತ್ತೆ ನೂರು ಕಡೆ ಮಾಲು ಹಂಚಬೇಕು. ಅಮೆಜಾನ್ 2023ರಲ್ಲಿ ಅಮೆರಿಕದ ತನ್ನ ಜಾಲವನ್ನು ಎಂಟು ಪ್ರಾಂತ್ಯಗಳಾಗಿ ಒಡೆದು, ಪ್ರತಿ ಪ್ರಾಂತ್ಯವೂ ಆದಷ್ಟು ತನ್ನ ಮಾಲನ್ನು ತಾನೇ ಪೂರೈಸಿಕೊಳ್ಳಲಿ ಅಂತ ಮಾಡಿತು. ಹೀಗೆ ಕೂಡಿಸು, ಹಂಚು, ಮತ್ತೆ ಕೂಡಿಸು ಅಂತ ಎಳೆದಾಡುತ್ತಾ ಇರುವುದೇ ಇವತ್ತಿನ ಸರಬರಾಜು ನಿರ್ವಹಣೆಯ ದಿನನಿತ್ಯದ ಕೆಲಸ. ಯಾವ ಮಾಲು ಬೀದಿಯಲ್ಲಿರಬೇಕು, ಯಾವುದು ದೂರದಲ್ಲಿದ್ದರೂ ನಡೆಯುತ್ತದೆ ಅನ್ನುವುದರ ಮೇಲೆ ಕಂಪನಿಯ ಲಾಭ ನಷ್ಟ ನಿಂತಿದೆ.

ಮಾಹಿತಿ ಸಿಕ್ಕಿದರೆ ಇದೆಲ್ಲ ಸರಿಹೋಗುತ್ತದೆ ಅಲ್ವಾ ಅಂತ ಅಲ್ಲಿ ಹಿಂದೆ ಕೂತವರೊಬ್ಬರು ಕೇಳುತ್ತಿದ್ದಾರೆ. ಒಳ್ಳೆಯ ಪ್ರಶ್ನೆ. ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್‌ನವರು ತಮ್ಮ ಡೈಪರ್ ಮಾರಾಟ ನೋಡಿ ತಲೆ ಕೆಡಿಸಿಕೊಂಡಿದ್ದರು. ಮಕ್ಕಳು ಡೈಪರ್ ಬಳಸುವುದು ಹೆಚ್ಚು ಕಡಿಮೆ ಒಂದೇ ಸಮ. ಅಂಗಡಿಯ ಮಾರಾಟ ಸ್ವಲ್ಪ ಏರಿಳಿಯುತ್ತದೆ. ಸಗಟುದಾರರ ಆರ್ಡರ್ ಅದಕ್ಕಿಂತ ಹೆಚ್ಚು ಏರಿಳಿಯುತ್ತದೆ. ಕಂಪನಿ ಕಚ್ಚಾಮಾಲಿಗೆ ಕೊಡುವ ಆರ್ಡರ್ ಅಂತೂ ಹುಚ್ಚಾಪಟ್ಟೆ. ಚಾಟಿಯ ಹಿಡಿಯಲ್ಲಿ ಕೈ ಸ್ವಲ್ಪ ಆಡಿಸಿದರೆ ತುದಿ ಎಷ್ಟು ಬೀಸುತ್ತದೋ ಹಾಗೆ. ಹೌ ಲೀ ಅನ್ನುವ ಸಂಶೋಧಕರು ಮತ್ತು ಜೊತೆಗಾರರು 1997ರಲ್ಲಿ ಇದರ ಕಾರಣಗಳನ್ನು ಬಿಡಿಸಿ ಬರೆದರು. ಪ್ರತಿಯೊಬ್ಬನಿಗೂ ಕಾಣುವುದು ತನ್ನ ಮುಂದಿನವನ ಆರ್ಡರ್ ಮಾತ್ರ, ನಿಜವಾದ ಬೇಡಿಕೆ ಅಲ್ಲ. ಜೊತೆಗೆ, ಒಂದೊಂದು ಸಲಕ್ಕೆ ದೊಡ್ಡ ಆರ್ಡರ್ ಕೊಡುವುದು, ಆಫರ್ ಬಂದಾಗ ತುಂಬಿಕೊಳ್ಳುವುದು, ಕೊರತೆ ಬರಬಹುದು ಅಂತ ಬೇಕಾದ್ದಕ್ಕಿಂತ ಜಾಸ್ತಿ ಕೇಳುವುದು.

ಆನ್‌ಲೈನ್‌ನಲ್ಲಿ ಪ್ರತಿ ಕ್ಲಿಕ್ಕೂ ಕಾಣುತ್ತದೆ, ಹಾಗಾಗಿ ಮೊದಲ ಕಾರಣ ನಿಜವಾಗಿಯೂ ಸಣ್ಣದಾಯಿತು. ಆದರೆ ಆಫರ್? ವರ್ಷಕ್ಕೆ ನಾಲ್ಕು ಸಲ ಮಹಾ ಮಾರಾಟ ಮೇಳ ಮಾಡಿ ಬೇಡಿಕೆಯನ್ನು ಎತ್ತಿ ಕುಕ್ಕುವವರು ಅದೇ ಕಂಪನಿಗಳು. ತಾವೇ ಎಬ್ಬಿಸಿದ ಅಲೆಯನ್ನು ತಾವೇ ಊಹಿಸಲು ಸಾಫ್ಟ್‌ವೇರ್ ಕೊಳ್ಳುತ್ತಾರೆ! ಇನ್ನು ಬೆಟ್ಟದಷ್ಟು ಮಾಹಿತಿ ಇರುವ ಕಂಪನಿಯೂ ಸಾಂಕ್ರಾಮಿಕದ ಕಾಲದಲ್ಲಿ ಇದೇ ಗುಂಡಿಗೆ ಬಿತ್ತು. 2020ರಲ್ಲಿ ಎಲ್ಲರೂ ಮನೆಯಲ್ಲಿ ಕೂತು ಆರ್ಡರ್ ಮಾಡಿದರು. ಅಮೆಜಾನ್ ಎರಡೇ ವರ್ಷದಲ್ಲಿ ತನ್ನ ಗೋದಾಮು ಜಾಲವನ್ನು ಎರಡು ಪಟ್ಟು ಮಾಡಿತು. 2022ಕ್ಕೆ ಜಾಗ ಜಾಸ್ತಿಯಾಯಿತು ಅಂತ ಅವರೇ ಹೇಳಿದರು. ಗೋದಾಮು ಕಟ್ಟಲು ವರ್ಷಗಳು ಬೇಕು, ಬೇಡಿಕೆ ಬದಲಾಗಲು ತಿಂಗಳು ಸಾಕು. ಮಾಹಿತಿ ಎಷ್ಟಿದ್ದರೂ ಆ ಅಂತರ ಹೋಗುವುದಿಲ್ಲ.

ಸರಿ, ಪಾರ್ಸೆಲ್ ಕಟ್ಟಿದ್ದಾಯಿತು, ಈಗ ಹೊತ್ತು ತರುವುದು. ಕೊನೆಯ ಮೈಲಿ ಅಂತೀವಲ್ಲ. ಕಾರ್ಖಾನೆಯಿಂದ ಸಾವಿರಾರು ಕಿಲೋಮೀಟರ್ ಬಂದ ಖರ್ಚಿಗಿಂತ ಕೊನೆಯ ಕೆಲವು ಕಿಲೋಮೀಟರ್ ದುಬಾರಿ ಆಗುವುದು ಉಂಟು. ಕಂಟೇನರಿನಲ್ಲಿ ಖರ್ಚು ಸಾವಿರಾರು ವಸ್ತುಗಳ ಮೇಲೆ ಹಂಚಿಹೋಗುತ್ತದೆ. ನಿಮ್ಮ ಬಾಗಿಲಿನ ಮುಂದೆ ನಿಂತ ಆ ಎರಡು ನಿಮಿಷ ಒಂದೇ ಪಾರ್ಸೆಲಿನ ತಲೆ ಮೇಲೆ ಬೀಳುತ್ತದೆ.

ಇಲ್ಲೂ ಒಂದು ವರ್ಗಮೂಲ ಇದೆ. 1959ರಲ್ಲಿ ಬಿಯರ್ಡ್‌ವುಡ್, ಹಾಲ್ಟನ್, ಹ್ಯಾಮರ್ಸ್‌ಲಿ ಅನ್ನುವ ಗಣಿತಜ್ಞರು ತೋರಿಸಿದ್ದು. ಒಂದು ಪ್ರದೇಶದಲ್ಲಿ ಅಲ್ಲಲ್ಲಿ ಹರಡಿದ ಮನೆಗಳನ್ನೆಲ್ಲ ಮುಟ್ಟಿ ಬರುವ ಅತಿ ಚಿಕ್ಕ ದಾರಿ, ಮನೆಗಳ ಸಂಖ್ಯೆಯ ವರ್ಗಮೂಲದ ಲೆಕ್ಕದಲ್ಲಿ ಬೆಳೆಯುತ್ತದೆ. ಅದೇ ಬಡಾವಣೆಯಲ್ಲಿ ಮನೆಗಳು ಎರಡು ಪಟ್ಟಾದರೆ ದಾರಿ ಎರಡು ಪಟ್ಟಾಗುವುದಿಲ್ಲ, ಸುಮಾರು 1.4 ಪಟ್ಟು ಅಷ್ಟೆ. ಒಂದು ಪಾರ್ಸೆಲಿಗೆ ಓಡುವ ದೂರ ಹತ್ತಿರ ಹತ್ತಿರ ಮೂವತ್ತು ಪರ್ಸೆಂಟ್ ಇಳಿಯಿತು. ದೊಡ್ಡ ಕಂಪನಿ ಇನ್ನೂ ದೊಡ್ಡದಾಗುತ್ತಾ ಹೋಗುವುದು ಯಾಕೆ, ಸಣ್ಣವರು ಡೆಲಿವರಿ ಖರ್ಚಿನಲ್ಲೇ ಸುಸ್ತಾಗುವುದು ಯಾಕೆ ಅನ್ನುವುದಕ್ಕೆ ಅರ್ಧ ಉತ್ತರ ಇದರಲ್ಲೇ ಇದೆ. ವೆಬ್‌ವ್ಯಾನ್ ಬಿದ್ದಿದ್ದಕ್ಕೆ ಇದೂ ಒಂದು ಕಾರಣ, ಗೋದಾಮು ಭರ್ಜರಿ, ಆದರೆ ಒಂದು ಮನೆಗೂ ಇನ್ನೊಂದು ಮನೆಗೂ ಮಧ್ಯೆ ಬಹಳ ರಸ್ತೆ.

ಅದಕ್ಕೇ ಈಗ ಲಾಕರ್‌ಗಳು, ಪಾರ್ಸೆಲ್ ಇಟ್ಟುಕೊಳ್ಳುವ ಅಂಗಡಿಗಳು ಬಂದಿವೆ. ಐವತ್ತು ಬಾಗಿಲಿನ ಬದಲು ಒಂದು ಲಾಕರ್. ಮನೆಯಲ್ಲಿ ಯಾರೂ ಇಲ್ಲ ಅಂತ ವಾಪಸ್ ಬರುವ ತಾಪತ್ರಯ ಇಲ್ಲ. ಗಮನಿಸಿದಿರಾ, ಹೊತ್ತು ತರುವ ಕೆಲಸದಲ್ಲಿ ಒಂದು ತುಂಡನ್ನು ಮೆಲ್ಲಗೆ ನಿಮಗೇ ವಾಪಸ್ ಕೊಟ್ಟರು. ನನ್ನನ್ನು ಕೇಳಿದರೆ ಇದು ಒಳ್ಳೆಯದೇ. ಪ್ರತಿ ಬಾಗಿಲಿಗೂ ವ್ಯಾನ್ ಬರಬೇಕು ಅನ್ನುವುದು ಹಟ, ಅಗತ್ಯ ಅಲ್ಲ.

ಪ್ಯಾಕಿಂಗ್ ಬಗ್ಗೆ ಒಂದೇ ಮಾತು. ಚಿಕ್ಕ ವಸ್ತು, ದೊಡ್ಡ ಡಬ್ಬ, ಮಧ್ಯೆ ಗಾಳಿ. ಎಲ್ಲರೂ ನೋಡಿ ನಕ್ಕಿದ್ದೇವೆ. ವ್ಯಾನು ತುಂಬುವುದು ತೂಕದಿಂದಲ್ಲ, ಜಾಗದಿಂದ. ಹಾಗಾಗಿ ಅಮೆರಿಕದ ಪಾರ್ಸೆಲ್ ಕಂಪನಿಗಳಾದ ಯುಪಿಎಸ್ 2014ರ ಡಿಸೆಂಬರ್ ಕೊನೆಯಲ್ಲಿ, ಫೆಡೆಕ್ಸ್ 2015ರ ಜನವರಿಯಲ್ಲಿ, ಅಲ್ಲಿ ತನಕ ದೊಡ್ಡ ಡಬ್ಬಗಳಿಗೆ ಮಾತ್ರ ಇದ್ದ, ಗಾತ್ರ ನೋಡಿ ದರ ಹಾಕುವ ಲೆಕ್ಕವನ್ನು ರಸ್ತೆಯಲ್ಲಿ ಹೋಗುವ ಎಲ್ಲ ಪಾರ್ಸೆಲಿಗೂ ಹಾಕಿದವು. ಹತ್ತಾರು ವರ್ಷ ಪರಿಸರದವರು ಹೇಳಿದ್ದು ಕೇಳದವರು, ಬಿಲ್ ಬಂದ ಮೇಲೆ ಡಬ್ಬ ಚಿಕ್ಕದು ಮಾಡಿದರು.

ಇನ್ನು ರಿಟರ್ನ್. ಇದು ಸರಪಳಿಯ ಹಿತ್ತಲು, ಯಾರೂ ತೋರಿಸುವುದಿಲ್ಲ. ಅಂಗಡಿಯ ಟ್ರಯಲ್ ರೂಮಿನಲ್ಲಿ ನೀವು ಬಿಟ್ಟುಬಂದ ಶರ್ಟು ಎರಡು ನಿಮಿಷದಲ್ಲಿ ಮತ್ತೆ ಹ್ಯಾಂಗರಿಗೆ ಹೋಗುತ್ತಿತ್ತು. ಆನ್‌ಲೈನ್‌ನಲ್ಲಿ ಅದೇ ಶರ್ಟು ಮೂರು ಸೈಜಿನಲ್ಲಿ ತರಿಸಿ ಎರಡು ವಾಪಸ್ ಕಳಿಸಿದಿರಿ ಅಂದುಕೊಳ್ಳಿ. ಒಬ್ಬರು ಬಂದು ತೆಗೆದುಕೊಂಡು ಹೋಗಬೇಕು. ಯಾವುದೋ ಗೋದಾಮಿನಲ್ಲಿ ಒಬ್ಬರು ಬಿಚ್ಚಿ, ಕಲೆ ಇದೆಯಾ, ಬಟನ್ ಇದೆಯಾ, ಅದೇ ಶರ್ಟಾ ಅಥವಾ ಬೇರೆಯದಾ ಅಂತ ನೋಡಬೇಕು, ಮಡಿಸಬೇಕು, ಮತ್ತೆ ಕವರಿಗೆ ಹಾಕಿ ಗೂಡಿನಲ್ಲಿಡಬೇಕು. ಹೋಗುವ ಮಾಲಿನಲ್ಲಿ ಎಲ್ಲವೂ ಒಂದೇ ತರಹ. ಬರುವ ಮಾಲಿನಲ್ಲಿ ಒಂದೊಂದೂ ಬೇರೆ, ಅದಕ್ಕೆ ಯಂತ್ರ ಕಷ್ಟ, ಕಣ್ಣೇ ಬೇಕು. ಅಷ್ಟರಲ್ಲಿ ಸೀಸನ್ ಮುಗಿದಿರುತ್ತದೆ. ಅಗ್ಗದ ವಸ್ತುವಾದರೆ ಇದೆಲ್ಲ ಮಾಡುವುದಕ್ಕಿಂತ ಎಸೆಯುವುದೇ ಲಾಭ ಅನ್ನುವ ಲೆಕ್ಕ ಬರುತ್ತದೆ. ಕೆಲವು ಕಂಪನಿಗಳು ದುಡ್ಡು ವಾಪಸ್ ಕೊಟ್ಟು, ವಸ್ತು ನಿಮ್ಮ ಹತ್ತಿರವೇ ಇರಲಿ ಅನ್ನುವುದು ಧಾರಾಳತನದಿಂದ ಅಲ್ಲ. ಫ್ರಾನ್ಸ್ ಇದನ್ನು ನೋಡಿ 2020ರಲ್ಲಿ ಕಾನೂನು ಮಾಡಿತು. ಮಾರಾಟವಾಗದ ಬಟ್ಟೆ, ಎಲೆಕ್ಟ್ರಾನಿಕ್ಸ್ ತರಹದ ಮಾಲನ್ನು ನಾಶ ಮಾಡುವ ಹಾಗಿಲ್ಲ, ದಾನ ಮಾಡಿ ಇಲ್ಲವೇ ಮರುಬಳಕೆಗೆ ಕೊಡಿ ಅಂತ. 2022ರ ಜನವರಿಯಿಂದ ಜಾರಿಗೆ ಬಂತು. ಫ್ರೀ ರಿಟರ್ನ್ ಅನ್ನುವ ಪದವೇ ಇನ್ನು ಕೆಲವು ವರ್ಷದಲ್ಲಿ ಅಪರೂಪ ಆಗುತ್ತದೆ ಅಂತ ನನ್ನ ಅಂದಾಜು, ಈಗಾಗಲೇ ಹಲವರು ಶುಲ್ಕ ಹಾಕಲು ಶುರು ಮಾಡಿದ್ದಾರೆ.

ಕಡೆಯದಾಗಿ ಗಡಿ ದಾಟುವ ಪಾರ್ಸೆಲ್. ಇಲ್ಲಿ ಮಾತ್ರ ಕತೆ ಉಲ್ಟಾ ಹೊಡೆಯುತ್ತದೆ. ಹಿಂದೆ ಒಬ್ಬ ಆಮದುದಾರ ಇರುತ್ತಿದ್ದ. ಒಂದು ಕಂಟೇನರ್ ತರಿಸುತ್ತಿದ್ದ, ಸುಂಕ ಕಟ್ಟುತ್ತಿದ್ದ, ಮಾಲು ಸುರಕ್ಷಿತವಾ ಅಂತ ಉತ್ತರ ಕೊಡುವ ಹೊಣೆ ಅವನದು. ಈಗ ಅದೇ ಕಂಟೇನರಿನ ಮಾಲು ಹತ್ತು ಸಾವಿರ ಪುಟ್ಟ ಪಾರ್ಸೆಲುಗಳಾಗಿ ವಿಮಾನದಲ್ಲಿ ಬರುತ್ತದೆ. ಆಮದುದಾರ ಯಾರು? ಫೋನ್ ಹಿಡಿದು ಬಟನ್ ಒತ್ತಿದ ನೀವು. ಅದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಗಿರಾಕಿಯ ಎಲ್ಲ ಕೆಲಸ ಕಿತ್ತುಕೊಂಡ ವ್ಯವಸ್ಥೆ ಈ ಒಂದು ಕೆಲಸವನ್ನು, ಅದೂ ಅವನು ಯಾವತ್ತೂ ಮಾಡಿರದ ಕೆಲಸವನ್ನು, ಅವನ ತಲೆಗೆ ಕಟ್ಟಿತು.

ಇಷ್ಟು ದಿನ ಇದು ನಡೆದಿದ್ದು ಚಿಲ್ಲರೆ ಪಾರ್ಸೆಲಿಗೆ ಸುಂಕ ಬೇಡ ಅನ್ನುವ ಹಳೆಯ ರಿಯಾಯಿತಿಯಿಂದ. ವಸೂಲಿ ಮಾಡುವ ಖರ್ಚೇ ಸುಂಕಕ್ಕಿಂತ ಜಾಸ್ತಿ ಅಂತ ಬಿಟ್ಟಿದ್ದು ಅದು. ಯುರೋಪ್ ಒಕ್ಕೂಟ 22 ಯೂರೋ ತನಕದ ಪಾರ್ಸೆಲಿಗೆ ಇದ್ದ ವ್ಯಾಟ್ ವಿನಾಯಿತಿಯನ್ನು 2021ರ ಜುಲೈ 1ರಿಂದ ತೆಗೆಯಿತು, 150 ಯೂರೋ ತನಕದ ಮಾಲಿಗೆ ಬಹಳಷ್ಟು ಸಂದರ್ಭಗಳಲ್ಲಿ ತೆರಿಗೆ ವಸೂಲಿ ಮಾಡುವ ಹೊಣೆಯನ್ನು ಮಾರಾಟದ ಪ್ಲಾಟ್‌ಫಾರ್ಮ್‌ಗಳ ಮೇಲೆ ಹಾಕಿತು. ತಯಾರಿಗೆ ಸಮಯ ಕೊಟ್ಟು ಮಾಡಿದ ಕೆಲಸ, ದೊಡ್ಡ ಗಲಾಟೆ ಆಗಲಿಲ್ಲ. ಅಮೆರಿಕ 2016ರಿಂದ 800 ಡಾಲರ್ ತನಕ ಸುಂಕವಿಲ್ಲದೆ ಬಿಡುತ್ತಿತ್ತು. 2025ರ ಮೇ ತಿಂಗಳಲ್ಲಿ ಚೀನಾದ ಪಾರ್ಸೆಲಿಗೆ, ಆಗಸ್ಟ್ 29ರಿಂದ ಎಲ್ಲ ದೇಶಗಳ ಪಾರ್ಸೆಲಿಗೂ ಅದನ್ನು ನಿಲ್ಲಿಸಿತು. ಆಗ ಏನಾಯಿತು ಗೊತ್ತಾ? ಸುಂಕ ಎಷ್ಟು ಅನ್ನುವುದಕ್ಕಿಂತ, ಅದನ್ನು ಯಾರು ಲೆಕ್ಕ ಹಾಕಬೇಕು, ಯಾರು ವಸೂಲಿ ಮಾಡಬೇಕು, ಯಾರ ಖಾತೆಗೆ ಕಟ್ಟಬೇಕು ಅನ್ನುವುದೇ ಅಂಚೆ ಇಲಾಖೆಗಳಿಗೆ ಸರಿಯಾಗಿ ಗೊತ್ತಿರಲಿಲ್ಲ. 1874ರಿಂದ ಅಂಚೆ ವಿನಿಮಯ ನೋಡಿಕೊಳ್ಳುತ್ತಿರುವ ವಿಶ್ವ ಅಂಚೆ ಒಕ್ಕೂಟ ಲೆಕ್ಕ ಕೊಟ್ಟಿತು: 88 ಅಂಚೆ ಸಂಸ್ಥೆಗಳು ಅಮೆರಿಕಕ್ಕೆ ಕಳಿಸುವುದನ್ನು ಪೂರ್ತಿಯಾಗಿಯೋ ಭಾಗಶಃವೋ ನಿಲ್ಲಿಸಿವೆ, ಒಂದು ವಾರದ ಹಿಂದಿನ ದಿನಕ್ಕೆ ಹೋಲಿಸಿದರೆ ಅಲ್ಲಿಗೆ ಹೋಗುವ ಅಂಚೆ 81 ಪರ್ಸೆಂಟ್ ಕುಸಿದಿದೆ ಅಂತ. ವಿಮಾನ ಇತ್ತು, ಮಾಲಿತ್ತು, ಗಿರಾಕಿ ಇದ್ದ, ಸುಂಕ ವಸೂಲಿಯ ದಾರಿ ಮಾತ್ರ ಇರಲಿಲ್ಲ. ವಸೂಲಿಗೆ ಒಬ್ಬ ಏಜೆಂಟನ್ನು ಗೊತ್ತುಮಾಡಿಕೊಂಡ ಮೇಲೆ, ಸಾಫ್ಟ್‌ವೇರ್ ಜೋಡಿಸಿಕೊಂಡ ಮೇಲೆ, ಒಂದೊಂದಾಗಿ ಹಲವು ದೇಶಗಳು ಮತ್ತೆ ಕಳಿಸಲು ಶುರು ಮಾಡಿದವು.